ಹೂವಮ್ಮ ಕಾಯುತ್ತಿದ್ದ ಲಾರಿ

"ಆ ಲಾರಿಯಿಂದ ಒಂದು ನಟ್ಟೂ ಬಿಚ್ಚಬೇಡಪ್ಪ," ಎಂದಳು ಹೂವಮ್ಮ. ರುದ್ರೇಶ ನಕ್ಕುಬಿಟ್ಟ.

ಹುಬ್ಬಳ್ಳಿಯಿಂದ ಬಂದು ಶಿವಮೊಗ್ಗದ ನವುಲೆಯಲ್ಲಿ ಅವನು ಗ್ಯಾರೇಜು ಹಾಕಿ ಇನ್ನೂ ವರ್ಷ ತುಂಬಿರಲಿಲ್ಲ. ಜೊತೆಗಾರ ಕಾಂತರಾಜನೊಡನೆ ಅರವತ್ತರ ದಶಕದ ಮಿಲಿಟರಿ ಲಾರಿಯೊಂದನ್ನು ಓಡುವಂತೆ ಮಾಡಲು ಹೊರಟಿದ್ದ. ಎಂಜಿನ್ ಗುಡುಗುತ್ತಿತ್ತು. ಪೆಡಲ್ ತುಳಿದಾಗ ಬ್ರೇಕಿಗೆ ಎಣ್ಣೆ ತಳ್ಳುವ ಮಾಸ್ಟರ್ ಸಿಲಿಂಡರ್ ಮಾತ್ರ ಎಲ್ಲೂ ಸಿಕ್ಕಿರಲಿಲ್ಲ. ಹುಡುಕುತ್ತ ಭದ್ರಾವತಿಯ ಈ ಗುಜರಿ ಶೆಡ್ಡಿಗೆ ಬಂದರೆ, ಅದೇ ಜಾತಿಯ ಇನ್ನೊಂದು ಲಾರಿ ನಡುಮಧ್ಯಾಹ್ನದಲ್ಲೂ ಕತ್ತಲು ಹೊದ್ದು ಮಂಡಿಯೂರಿದಂತೆ ನಿಂತಿತ್ತು. ಬ್ರೇಕ್ ಪೆಡಲ್ಲಿಗೆ ಕರಿದಾರ ಸುತ್ತಿ, ಮೊಳೆ ಚುಚ್ಚಿದ ಒಣ ನಿಂಬೆಹಣ್ಣು ಕಟ್ಟಿದ್ದರು.

ಶೆಡ್ಡು ಕಾಯುತ್ತಿದ್ದ ಹೂವಮ್ಮ ದನಿ ತಗ್ಗಿಸಿದಳು. "ಬ್ರೇಕ್ ಹಿಡಿಯಲ್ಲ ಅಂತ ನನ್ನ ಗಂಡ ಎಷ್ಟು ಹೇಳಿದ್ರೂ ಮಾಲೀಕ ಕೇಳ್ಲಿಲ್ಲ. ನನ್ನ ಗಂಡ ಇದನ್ನ ಓಡಿಸ್ತಾನೇ ಸತ್ತ. ಆ ಸಿಟ್ಟಿಗೆ ನಾನೇ ಮಾಟ ಮಾಡಿಸ್ದೆ. ಮಾಲೀಕ ಹೋದ. ಆಮೇಲೆ ಅವನ ಮಗನೂ ಹೋದ, ಏನೂ ಅರಿಯದವನು. ಬಿಡಿಸೋಕೆ ಯಾರ ಕೈಲೂ ಆಗ್ಲಿಲ್ಲ. ಅದಕ್ಕೇ ಇಲ್ಲಿ ಕೂತಿದೀನಿ, ಯಾರೂ ಮುಟ್ಟಬಾರ್ದು ಅಂತ."

"ಕಬ್ಬಿಣಕ್ಕ ತುಕ್ಕು ಹತ್ತತೈತಿ ಯಮ್ಮಾ, ಮಾಟ ಹತ್ತಂಗಿಲ್ಲ."

ಅವಳು ಊಟಕ್ಕೆ ಹೋದ ಹೊತ್ತು ನೋಡಿ ದಾರ ಕತ್ತರಿಸಿದ. ಸಿಲಿಂಡರ್ ಬಿಚ್ಚಿ ಚೀಲಕ್ಕೆ ಹಾಕಿಕೊಂಡು ನಡೆದ.

ಗ್ಯಾರೇಜಿನಲ್ಲಿ ತೆರೆದಾಗ ಸುಟ್ಟ ಕೂದಲಿನ ನಾತ ಹೊಡೆಯಿತು. ಪಿಸ್ಟನ್ನಿಗೆ ಹೆಂಗಸಿನ ಉದ್ದನೆಯ ಕೂದಲು ಸುತ್ತಿಕೊಂಡಿತ್ತು. ಎಳೆದು ಬಿಸಾಡಿ, ಸೀಮೆಎಣ್ಣೆಯಲ್ಲಿ ತೊಳೆದು, ಒಳಮೈ ಉಜ್ಜಿ, ಹೊಸ ರಬ್ಬರ್ ವಾಷರ್ ಕೂರಿಸಿದ. ನಾತ ಹೋಗಲಿಲ್ಲ.

"ಎಲ್ಲಿ ಸಿಕ್ತು ಮಾರಾಯ!" ಕಾಂತರಾಜ ಹಿಗ್ಗಿಹೋದ.

"ಗಾಂಧಿ ಬಜಾರ್ ಹಿಂದ," ಎಂದು ರುದ್ರೇಶ ಸುಳ್ಳು ಹೇಳಿದ.

ಹೂವಮ್ಮನ ಮಾತು ನಾಲಿಗೆಯ ತುದಿಗೆ ಬಂದಿತ್ತು. ಹೇಳಿದರೆ ಕಾಂತರಾಜ ಲಾರಿ ಹತ್ತಿರವೂ ಸುಳಿಯುತ್ತಿರಲಿಲ್ಲ. ನುಂಗಿಕೊಂಡ.

ಇಬ್ಬರೂ ಸೇರಿ ಅದನ್ನು ತಮ್ಮ ಲಾರಿಗೆ ಕೂರಿಸಿ, ಮರುದಿನ ಬೆಳಿಗ್ಗೆ ಹೊಳಲೂರಿನವರೆಗೆ ಓಡಿಸಿ ತಂದರು. ಹೋಗುತ್ತ ಬರುತ್ತ ಬ್ರೇಕು ಕಚ್ಚಿ ಹಿಡಿಯಿತು. ಲಾರಿಯನ್ನು ಒಳಗೆ ತರುವಾಗ ಕಾಂತರಾಜ ಗೋಡೆಗೆ ಬೆನ್ನು ಕೊಟ್ಟು ನಿಂತು ಕೈಬೀಸುತ್ತಿದ್ದ. "ಬಾ... ಬಾ... ಸಾಕು, ನಿಲ್ಸು!"

ರುದ್ರೇಶ ತುಳಿದ. ಕ್ಯಾಬಿನ್ ತುಂಬ ಸುಟ್ಟ ಕೂದಲಿನ ನಾತ. ಪೆಡಲ್ ಇಳಿಯಲಿಲ್ಲ. ಮತ್ತೆ ತುಳಿದ. ಕೆಳಗಿನಿಂದ ಏನೋ ಒತ್ತಿ ಹಿಡಿದಿತ್ತು. ಮೆತ್ತಗೆ. ಬೆಚ್ಚಗೆ. ಅಂಗೈಯ ಹಾಗೆ. ಎರಡೂ ಕಾಲು ಊರಿ ತುಳಿದ. ಅದೂ ಒತ್ತಿತು. ಕಾಂತರಾಜನ ಕೈ ಗಾಳಿಯಲ್ಲೇ ನಿಂತಿತು. ಬಂಪರ್. ಗೋಡೆ. ಕೂಗು.

ನಾಲ್ಕನೆಯ ದಿನ ಆಸ್ಪತ್ರೆಯಲ್ಲಿ ಕಾಂತರಾಜ ರುದ್ರೇಶನೊಡನೆ ಮಾತಾಡಿದ. ಮಂಡಿಯಿಂದ ಕೆಳಗೆ ಹೊದಿಕೆ ಖಾಲಿಯಾಗಿ ಹಾಸಿಗೆಗೆ ಅಂಟಿಕೊಂಡಿತ್ತು.

"ಬ್ರೇಕ್ ಪೈಪಿನ ನಟ್ಟು ಬಿಗಿದಿದ್ದು ನಾನು. ಸರಿಯಾಗಿ ಬಿಗಿದಿರ್ಲಿಲ್ಲ ಅನ್ಸುತ್ತೆ. ನಂದೇ ತಪ್ಪು ಮಾರಾಯ, ಪೊಲೀಸರಿಗೂ ಹಂಗೇ ಹೇಳಿದೀನಿ. ನೀನು ಮನಸ್ಸಿಗೆ ಹಚ್ಕೋಬೇಡ."

"ಯಾವಾಗ್ಲೂ ನಿಮ್ದು ಇದೇ ಅವಸರ," ಎಂದು ಅವನ ಹೆಂಡತಿ ವೀಣಾ ಗಂಜಿಯ ಲೋಟ ಕುಕ್ಕಿ ಅತ್ತಳು.

ನಟ್ಟು ಬಿಗಿಯಾಗಿಯೇ ಇತ್ತು. ರುದ್ರೇಶನೇ ಎರಡು ಸಲ ನೋಡಿದ್ದ. ಅವನು ಬಾಯಿ ತೆರೆದ. ಗಂಡ ಹೆಂಡತಿ ಇಬ್ಬರೂ ಅವನ ಮುಖವನ್ನೇ ನೋಡುತ್ತಿದ್ದರು.

"ಇರ್ಲಿ ಬಿಡಪಾ," ಎಂದ, ಕ್ಷಮಿಸಿದವನ ದನಿಯಲ್ಲಿ.