ಅಜ್ಜಿಯ ತೂತಿನ ಚಪ್ಪಲಿ

"ಸಂಯುಕ್ತಾ! ಬಾರೇ, ಪ್ರಾಕ್ಟೀಸ್‌ಗೆ ಲೇಟಾಯ್ತು!"

ಗೇಟಿನಲ್ಲಿ ಗೆಳತಿ ಸಬಾಳ ದನಿ ಕೇಳಿದ್ದೇ ಸಂಯುಕ್ತಾ ಅಜ್ಜಿಯ ಚಪ್ಪಲಿಗಳನ್ನು ಬಾಗಿಲ ಹಿಂದಕ್ಕೆ ತಳ್ಳಿದಳು. ಎರಡರ ಅಗಲ ಪಟ್ಟಿಯಲ್ಲೂ ಹೆಬ್ಬೆರಳಿನ ಪಕ್ಕದಲ್ಲಿ ಒಂದು ದುಂಡನೆಯ ತೂತು. ಅಜ್ಜಿಯೇ ಬ್ಲೇಡಿನಿಂದ ಕೊಯ್ದದ್ದು. ಸಬಾ ನೋಡಿದರೆ ನಗದೆ ಬಿಡುತ್ತಾಳೆಯೇ?

ಶೂ ಹಾಕುವಾಗ ಹೆಬ್ಬೆರಳಿನ ಬುಡ ಚುರ್ ಎಂದಿತು. ಅಲ್ಲಿ ಮೂಳೆ ಉಬ್ಬಿ ಕೆಂಪಾಗಿತ್ತು. ಸಂಯುಕ್ತಾ ತುಟಿ ಕಚ್ಚಿಕೊಂಡಳು. ಅಮ್ಮನಿಗೆ ಹೇಳಿದರೆ ಡಾಕ್ಟರು, ಡಾಕ್ಟರೆಂದರೆ ಆಪರೇಷನ್ನು. ಶನಿವಾರದ ಖೋ ಖೋ ಫೈನಲ್ ಏನಾಗಬೇಕು!

ಸಂಜೆ ಕುಂಟುತ್ತಲೇ ಬಂದು ನಲ್ಲಿಯಲ್ಲಿ ಕಾಲು ತೊಳೆದು ಒಳಗೆ ನಡೆದಳು. ಹಿಂದೆಯೇ ಅಜ್ಜಿಯೂ ಕಾಲು ತೊಳೆದು ಬಂದರು. ನೆಲದ ಮೇಲೆ ಒದ್ದೆ ಹೆಜ್ಜೆಗಳು, ಒಂದು ದೊಡ್ಡದು, ಒಂದು ಚಿಕ್ಕದು. ಎರಡರಲ್ಲೂ ಹೆಬ್ಬೆರಳು ಪಕ್ಕದ ಬೆರಳಿನ ಕಡೆಗೆ ವಾಲಿತ್ತು.

"ಅಯ್ಯೋ ಮಗಾ, ನಿಂದೂ ನನ್ ಕಾಲೇ ಕಣವ್ವ! ನೋಯ್ತದಾ?"

"ಇಲ್ಲ ಅಜ್ಜಿ."

"ನಾನೂ ಇಂಗೇ ಇಲ್ಲ ಇಲ್ಲ ಅಂತಿದ್ದೆ. ಆಮೇಲೆ ಚಪ್ಲೀನೇ ಕುಯ್ಕೊಂಡೆ."

ಅಜ್ಜಿ ಅಮ್ಮನಿಗೆ ಹೇಳಿಯೇಬಿಟ್ಟರು. ಮರುದಿನ ಅಮ್ಮ ಇಬ್ಬರನ್ನೂ ಯಲಹಂಕದ ಡಾಕ್ಟರ ಬಳಿ ಕರೆದೊಯ್ದಳು. ಡಾಕ್ಟರ್ ಕೇಳುವ ಮೊದಲೇ ಅಜ್ಜಿ ತಮ್ಮ ಕಾಲನ್ನೂ ಚಾಚಿದರು. ಡಾಕ್ಟರ್ ನಕ್ಕರು. "ಮನೇಲಿ ಒಬ್ಬರಿಗಿದ್ರೆ ಮಕ್ಕಳಿಗೂ ಬರಬಹುದು. ಹೆಬ್ಬೆರಳ ಬುಡದ ಮೂಳೆ ಹೀಗೆ ಉಬ್ಬೋದನ್ನ ಬನಿಯನ್ ಅಂತಾರೆ, ಮೈಗೆ ಹಾಕ್ಕೊಳ್ಳೋ ಬನಿಯನ್ ಅಲ್ಲ."

"ಆಪರೇಷನ್ ಮಾಡ್ತೀರಾ?" ಸಂಯುಕ್ತಾ ಕಾಲನ್ನು ಕುರ್ಚಿಯ ಕೆಳಗೆ ಎಳೆದುಕೊಂಡಳು.

"ಈಗ್ಯಾಕೆ? ನಿನ್ನ ಮೂಳೆ ಇನ್ನೂ ಬೆಳೀತಿದೆ. ಮುಂದುಗಡೆ ಅಗಲ ಇರೋ ಶೂ ಹಾಕ್ಕೋ. ಉಜ್ಜೋ ಜಾಗಕ್ಕೆ ಮೆತ್ತನೆ ಪ್ಯಾಡ್. ನೋವಾದ್ರೆ ಐಸ್ ಇಡು. ಆಗಾಗ ಬಂದು ತೋರಿಸ್ಬೇಕು."

"ಮ್ಯಾಚು?"

"ನೋವಿಲ್ದಿದ್ರೆ ಆಡು. ನೋವು ಬಂದ್ರೆ ಸರ್‌ಗೆ ಹೇಳಿ ಕೂತ್ಕೋಬೇಕು. ಮುಚ್ಚಿಡೋ ಹಾಗಿಲ್ಲ."

"ಹೇಳ್ತೀನಿ! ಪ್ರಾಮಿಸ್!" ಸಂಯುಕ್ತಾ ಕುರ್ಚಿಯಿಂದ ಜಿಗಿದೇಬಿಟ್ಟಳು.

ಶನಿವಾರ ಬೆಳಿಗ್ಗೆ ಸಬಾ ಬಂದವಳೇ ಸಂಯುಕ್ತಾಳ ಹೊಸ ಅಗಲ ಶೂ ನೋಡಿ ಕಿಸಕ್ಕೆಂದಳು. "ಏನೇ ಇದು, ಬಾತುಕೋಳಿ ಶೂಸ್!"

"ಬಾತುಕೋಳೀನ ಹಿಡಿಯೋಕೆ ಬಾ, ನೋಡೋಣ!" ಸಂಯುಕ್ತಾ ಬೆರಳುಗಳನ್ನು ಒಳಗೇ ಆಡಿಸಿದಳು. ಚುರ್ ಎನ್ನಲಿಲ್ಲ!

ಅಷ್ಟರಲ್ಲಿ ಒಳಗಿನಿಂದ ಅಜ್ಜಿಯ ದನಿ. "ಆಟ ನೋಡಾಕೆ ನಾನೂ ಬತ್ತೀನಿ. ನನ್ ಚಪ್ಲಿ ಎಲ್ಲವ್ವಾ?"

ಸಬಾ ಬರುವ ಮೊದಲು ಇವತ್ತೂ ಅಡಗಿಸಿಟ್ಟಿದ್ದ ಚಪ್ಪಲಿಗಳನ್ನು ಸಂಯುಕ್ತಾ ಬಾಗಿಲ ಹಿಂದೆ ಕೈಹಾಕಿ ತೆಗೆದಳು.

"ಅಯ್ಯ, ತೂತು!" ಎಂದಳು ಸಬಾ.

"ನಮ್ಮಜ್ಜೀದು. ಕಾಲು ನೋಯ್ತಿತ್ತಲ್ಲ, ಅವರೇ ಅಗಲ ಮಾಡ್ಕೊಂಡಿದ್ದು."

ಅವಳು ಚಪ್ಪಲಿಗಳ ಧೂಳು ಒರೆಸಿ, ಅಜ್ಜಿ ಕಾಲಿಡಲು ಸುಲಭವಾಗುವಂತೆ ಹೊಸ್ತಿಲ ಮುಂದೆ ಜೋಡಿಸಿಟ್ಟಳು.

"ಅಜ್ಜೀ, ಬೇಗ ಬಾ! ಮುಂದಿನ ಸಾಲಲ್ಲೇ ಕೂರ್ಬೇಕು ನೀನು!"