ಸೋಮರಸಯ್ಯನ ಉಪಚಾರದ ಮಾತುಗಳು

ಬಹಳ ಹಿಂದೆ, ಕಲ್ಲಿಗೂ ಕಿವಿಯಿದ್ದ ಕಾಲದಲ್ಲಿ, ನೀಲಗಂಬ ಎಂಬ ರಾಜ್ಯವಿತ್ತು. ಅದರ ನಡುವೆ ಬೆಳ್ಳಿಹೊಳೆ ಹರಿಯುತ್ತಿತ್ತು. ಆ ರಾಜ್ಯದ ಕಚೇರಿಯಲ್ಲಿ ಸೋಮರಸಯ್ಯ ಎಂಬ ಹಿರಿಯ ಅಧಿಕಾರಿಯಿದ್ದ. ಗುಮಾಸ್ತನಾಗಿ ಸೇರಿ, ಮೆಟ್ಟಿಲು ಮೆಟ್ಟಿಲಾಗಿ ಏರಿ, ತಲೆ ನೆರೆಯುವ ಹೊತ್ತಿಗೆ ರಾಜನ ಬಲಗೈಯಾಗಿದ್ದ. ಅವನ ಮೇಲೆ ಸಿಟ್ಟಾದವರು ಯಾರೂ ಇರಲಿಲ್ಲ, ಏಕೆಂದರೆ ಅವನು ಯಾರಿಗೂ ‘ಆಗುವುದಿಲ್ಲ’ ಎಂದವನೇ ಅಲ್ಲ. ಕೇಳಿದವರಿಗೆ ‘ಆಗಲಿ’ ಎನ್ನುತ್ತಿದ್ದ. ಮತ್ತೆ ಕೇಳಿದರೆ ‘ನೋಡೋಣ’ ಎನ್ನುತ್ತಿದ್ದ. ಎದ್ದು ಹೊರಟರೆ ‘ಹೋಗಿ ಬನ್ನಿ’ ಎನ್ನುತ್ತಿದ್ದ. ಜನ ಹೋಗುತ್ತಿದ್ದರು, ಬರುತ್ತಿದ್ದರು, ಕೆಲಸ ಮಾತ್ರ ಇದ್ದಲ್ಲೇ ಇರುತ್ತಿತ್ತು. ಇಲ್ಲವೆನ್ನುವ ಪಾಪವನ್ನೆಲ್ಲ ರಾಜನೇ ಹೊರುತ್ತಿದ್ದ.

ಆ ರಾಜ ಮಕ್ಕಳಿಲ್ಲದೆ ತೀರಿಕೊಂಡ. ಇನ್ನು ನಮ್ಮ ನಾಯಕನನ್ನು ನಾವೇ ಆರಿಸುತ್ತೇವೆ, ಬೇಕಾದವರ ಗಡಿಗೆಗೆ ಮಲ್ಲಿಗೆ ಹಾಕುತ್ತೇವೆ ಎಂದು ಪ್ರಜೆಗಳು ನಿಶ್ಚಯಿಸಿದರು. ಸೋಮರಸಯ್ಯ ಕಚೇರಿ ಬಿಟ್ಟು ಬೀದಿಗಿಳಿದ. ಬೇರೆಯವರು ಕೈಮುಗಿಯುವುದನ್ನೇ ಕಂಡವನಿಗೆ ತಾನು ಕೈಮುಗಿಯುವುದು ಮೊದಮೊದಲು ತೊಡಕಾಯಿತು. ಆಮೇಲೆ ಜಗಲಿಯ ನಾಯಿಗೂ ಮುಗಿಯುವಷ್ಟು ರೂಢಿಯಾಯಿತು. ಅವನ ಗಡಿಗೆ ಹೂವಿನಿಂದ ತುಂಬಿ ಚೆಲ್ಲಿತು.

ನಾಯಕನಾದವನು ಮಾತಿನ ಪೀಠದ ಮೇಲೆ ಕೂರಬೇಕು. ಅಲ್ಲಿ ಕುಳಿತು ಬಂದವರಿಗೆ ಕೊಟ್ಟ ಉತ್ತರ ನಿಜವಾಗುತ್ತಿತ್ತು, ಆಡಿದ್ದನ್ನು ಹಿಂತೆಗೆದುಕೊಳ್ಳಲು ಬರುತ್ತಿರಲಿಲ್ಲ. ಸತ್ತ ರಾಜ ಅದಕ್ಕೇ ಒಂದಕ್ಷರ ಹೆಚ್ಚಿಗೆ ಆಡುತ್ತಿರಲಿಲ್ಲ. ಇದು ಸೋಮರಸಯ್ಯನಿಗೂ ಗೊತ್ತಿತ್ತು. ಆದರೆ ಉಪಚಾರದ ಮಾತೂ ಮಾತೇ ಎಂಬುದು ಪಾಪ ಅವನಿಗೆ ಹೊಳೆಯಲಿಲ್ಲ.

ಒಂದು ದಿನ ಬೂದಿಗಣ್ಣನೆಂಬ ಮಾಂತ್ರಿಕ ಬಂದ. ಕಣ್ಣಿಗೆ ಕಪ್ಪು ಬಟ್ಟೆ, ಕೈಯಲ್ಲಿ ಮಣ್ಣಿನ ಕಮಂಡಲ. ಹೊಳೆಯ ಅರ್ಧ ನೀರು ತನಗೆ ಬೇಕೆಂದು ಕೇಳಿದ. ಯಾರೋ ತಲೆಕೆಟ್ಟವನು, ಸಾಗಹಾಕಿದರಾಯಿತು ಎಂದುಕೊಂಡು ಸೋಮರಸಯ್ಯ ಅಭ್ಯಾಸಬಲದಿಂದ ‘ಆಗಲಿ’ ಎಂದ. ಹೊಳೆಯ ಅರ್ಧ ನೀರು ದಂಡೆ ಹತ್ತಿ, ಬೀದಿಯಲ್ಲಿ ಹರಿದು ಬಂದು ಕಮಂಡಲದೊಳಗೆ ಇಳಿಯಿತು.

“ಬರ್ತೀನಿ ಸ್ವಾಮಿ” ಎಂದ ಮಾಂತ್ರಿಕ.

“ಹೋಗಿ ಬನ್ನಿ” ಎಂದ ಸೋಮರಸಯ್ಯ, ಬಾಯಿ ಒಣಗಿಸಿಕೊಂಡು.

ಊರ ಬಾಗಿಲುಗಳನ್ನೆಲ್ಲ ಮುಚ್ಚಿಸಿದರು, ಕಾವಲಿಟ್ಟರು. ಆದರೂ ಬೂದಿಗಣ್ಣ ಮತ್ತೆ ಬಂದ. ಅಗುಳಿಗಳು ತಾವಾಗಿಯೇ ಸರಿದು ಅವನಿಗೆ ದಾರಿ ಬಿಟ್ಟವು. ಉಳಿದ ಅರ್ಧ ಹೊಳೆಯನ್ನೂ ಕೇಳಿದ. ಈ ಸಲ ‘ಆಗಲಿ’ ಎನ್ನಬಾರದೆಂದು ಸೋಮರಸಯ್ಯ ಹಲ್ಲು ಕಚ್ಚಿ ಕುಳಿತಿದ್ದ. ಕೊನೆಗೆ ಬಾಯಿಂದ ಬಂದದ್ದು ‘ನೋಡೋಣ’.

ನೋಡೋಣ ಎಂದರೆ ಇಬ್ಬರೂ ನೋಡುವುದು ತಾನೆ? ಮಾಂತ್ರಿಕನ ಕಣ್ಣಿನ ಬಟ್ಟೆ ಕಳಚಿತು. ಬೂದಿ ಬಣ್ಣದ ಆ ಕಣ್ಣು ಬಿದ್ದಲ್ಲೆಲ್ಲ ಹೊಳೆ ಕಲ್ಲಾಗುತ್ತಾ ಹೋಯಿತು, ಮೀನುಗಳು ಅಲೆಗಳ ಜೊತೆಗೇ ಕಲ್ಲಾದವು. ಸೋಮರಸಯ್ಯ ರೆಪ್ಪೆ ಮುಚ್ಚಲೂ ಆಗದೆ ಅಷ್ಟನ್ನೂ ನೋಡಿದ. ಮಾಂತ್ರಿಕ ಬಟ್ಟೆ ಕಟ್ಟಿಕೊಂಡು ‘ಬರ್ತೀನಿ’ ಎಂದ. ಸೋಮರಸಯ್ಯ ಎಚ್ಚರ ತಪ್ಪಿದವನ ಹಾಗೆ ‘ಹೋಗಿ ಬನ್ನಿ’ ಎಂದ.

ಈಗ ಊರಿಗೆ ಉಳಿದದ್ದು ಅರಮನೆಯ ಹಿತ್ತಿಲಿನ ಒಂದು ಒರತೆ. ಅದೂ ಹೋದರೆ ನೀಲಗಂಬವನ್ನು ಬಿಟ್ಟು ಎಲ್ಲರೂ ಗುಳೆ ಹೋಗಬೇಕು. ಮಲ್ಲಿಗೆ ಹಾಕಿದ ಕೈಗಳೇ ಖಾಲಿ ಕೊಡ ಹಿಡಿದು ಸಾಲು ನಿಂತವು. ಸೋಮರಸಯ್ಯನಿಗೆ ಅವರ ಮುಖ ನೋಡಲು ಭಯವಾಯಿತು. ಉಂಡದ್ದು ಮೈಗೆ ಹತ್ತಲಿಲ್ಲ.

ಹೆಂಡತಿ ಚೆಲುವಾಜಮ್ಮ ಅವನನ್ನು ಎಲೆಯ ಮುಂದೆ ಕೂರಿಸಿ ಪಾಠ ಶುರುಮಾಡಿದಳು.

“ಅನ್ನ ಹಾಕ್ಲಾ? ಬೇಡ ಅನ್ನಿ.”

“ನೋಡೋಣ” ಎಂದ ಸೋಮರಸಯ್ಯ.

ಅವಳು ಸೌಟು ಕೆಳಗಿಟ್ಟಳು. “ನಿಮಗೆ ಕೆಟ್ಟೋನು ಅನ್ನಿಸ್ಕೊಳೋಕೆ ಹೆದರಿಕೆ ಕಣ್ರೀ. ಅದಕ್ಕೇ ಊರೆಲ್ಲ ಬಾಯಾರಿ ಕೂತಿದೆ.”

ಆ ಮಾತು ಅವನಿಗೆ ನಾಟಿತು. ಅತ್ತೇಬಿಟ್ಟ.

ಮೂರನೆಯ ಸಲವೂ ಅಗುಳಿಗಳು ಸರಿದವು. ಬೂದಿಗಣ್ಣ ಕೈಕಟ್ಟಿ ನಿಂತು, ಬಹಳ ವಿನಯದಿಂದ ಒರತೆ ಕೇಳಿದ. ಸೋಮರಸಯ್ಯನ ಗಂಟಲಿಗೆ ‘ಆಗಲಿ’ ಬಂತು, ನುಂಗಿದ. ‘ನೋಡೋಣ’ ಬಂತು, ಅದನ್ನೂ ನುಂಗಿದ.

“ಆಗೋದಿಲ್ಲ” ಎಂದ.

ಮಾಂತ್ರಿಕ ನಕ್ಕ. ಇವತ್ತು ಆಗದಿದ್ದರೆ ನಾಳೆ, ನಾಳೆ ಆಗದಿದ್ದರೆ ನಾಡಿದ್ದು. ಒಗ್ಗದ ಮಾತನ್ನು ನಾಲಿಗೆ ಎಷ್ಟು ದಿನ ಆಡೀತು ಎಂದ. ಹೊಸ್ತಿಲ ಬಳಿ ಹೋಗಿ “ಬರ್ತೀನಿ ಸ್ವಾಮಿ” ಎಂದು ತಿರುಗಿ ನಿಂತ. ದಾಟಲಿಲ್ಲ. ಕಿವಿಗೊಟ್ಟು ಕಾಯುತ್ತಿದ್ದ.

ಇವನೇಕೆ ಕಾಯುತ್ತಾನೆ? ಸೋಮರಸಯ್ಯನಿಗೆ ತಟ್ಟನೆ ಅಗುಳಿಗಳ ನೆನಪಾಯಿತು. ಬಾಗಿಲು ತೆಗೆದದ್ದು ಮಂತ್ರವಲ್ಲ, ಬಾ ಎಂದು ತಾನೇ ಪೀಠದ ಮೇಲಿಂದ ಕರೆದಿದ್ದೆ ಎಂದು ಅವನಿಗೆ ತಿಳಿಯಿತು.

“ಹೋಗಿ” ಎಂದ. ‘ಬನ್ನಿ’ ನಾಲಿಗೆಯ ತುದಿಗೆ ಬಂದು ಕುಳಿತಿತ್ತು. ಅದನ್ನು ಹಲ್ಲಿನಿಂದ ಕಚ್ಚಿ ಹಿಡಿದ, ರಕ್ತ ಬಂತು.

ಬೂದಿಗಣ್ಣನ ಮುಖ ಬಿಳಿಚಿತು. “ಬರೀ ಹೋಗಿ ಅಂತ ಮನೆಗೆ ಬಂದೋರಿಗೆ ಅನ್ನಬಾರದು ಸ್ವಾಮಿ, ಅಶುಭ. ಇನ್ನೊಂದು ಮಾತು ಉಳೀತಲ್ಲ.”

“ಹೋಗಿ” ಎಂದ ಸೋಮರಸಯ್ಯ.

ಮಾಂತ್ರಿಕನ ಕಾಲುಗಳು ಅವನನ್ನು ಎಳೆದುಕೊಂಡು ಹೊರಟವು. ಅವನು ಬಾಗಿಲ ಚೌಕಟ್ಟನ್ನು ತಬ್ಬಿಕೊಂಡ, ಕಮಂಡಲ ಕೈಜಾರಿ ಒಡೆದು ಅರ್ಧ ಹೊಳೆ ಭೋರ್ಗರೆದು ತನ್ನ ಪಾತ್ರಕ್ಕೆ ಓಡಿತು. ಆ ನೀರು ತಾಗಿದ ಕಡೆ ಕಲ್ಲು ಕರಗಿತು, ಮೀನು ಮಿಸುಕಿತು. ಬೂದಿಗಣ್ಣ ಊರು ದಾಟಿದ, ಗಡಿ ದಾಟಿದ. ಹಿಂತಿರುಗುವ ಮಾತೇ ಇಲ್ಲದ್ದರಿಂದ ಇವತ್ತಿಗೂ ಹೋಗುತ್ತಲೇ ಇದ್ದಾನೆ.

ಆಮೇಲೆ ನೀಲಗಂಬದಲ್ಲಿ ಹೊಳೆ ತುಂಬಿತು, ಕೊಡ ತುಂಬಿತು, ಮನೆಮನೆಯ ಹೊಟ್ಟೆಯೂ ತುಂಬಿತು. ಸೋಮರಸಯ್ಯ ಆಗುವುದಕ್ಕೆ ಆಗುತ್ತದೆ, ಆಗದ್ದಕ್ಕೆ ಆಗುವುದಿಲ್ಲ ಎನ್ನುತ್ತಾ ಬಹುಕಾಲ ಆಳಿದ. ಕೆಲವರು ಬೈದರು. ಬೈದವರೂ ಬೇಗ ಮನೆ ಸೇರಿ ಸುಖವಾಗಿದ್ದರು.

ಕೇಳಿದ ನೀವೂ ಸುಖವಾಗಿರಿ. ಹೋಗಿ, ಬನ್ನಿ.