ಎಡಕ್ಕೆ ಎಳೆಯುವ ವಿಮಾನ

"ನೋಡಲು ಚೆಂದ, ಹಾರಿಸಲು ತೀರಾ ಸಾಧು. ಐದಕ್ಕೆ ಮೂರು."

ವಿಮರ್ಶೆಯ ಕೊನೆಯ ಸಾಲು ಅದು. ಬರೆದು, ಒಮ್ಮೆ ಓದಿ, ವೆಬ್‌ಸೈಟಿಗೆ ಹಾಕಿ ಅವಳು ಲೈಬ್ರರಿಯ ಕೆಲಸಕ್ಕೆ ಹೊರಟುಹೋಗಿದ್ದಳು. ಸಂಜೆ ಬಂದು ನೋಡಿದರೆ ಕೆಳಗೆ ಒಂದೇ ಒಂದು ಪ್ರತಿಕ್ರಿಯೆ.

"ಮೇಡಂ, ಈ ವಿಮಾನ ಮಾಡಿದವನು ನಾನು. ಮಾಡಿದ ನನ್ನನ್ನೇ ಇದು ಹನ್ನೊಂದು ಸಲ ಬೇಲಿಗೆ ಗುದ್ದಿಸಿದೆ. ಇದನ್ನು ಸಾಧು ಅಂದವರು ಇಡೀ ಲೋಕದಲ್ಲಿ ನೀವೊಬ್ಬರೇ. ತಪ್ಪು ತಿಳಿಯಬೇಡಿ, ನಿಜವಾಗಿ ಹಾರಿಸಿ ಬರೆದಿರಾ? — ಬಡಗಿ."

ಅವಳ ಕಿವಿ ಬಿಸಿಯಾಯಿತು. ಬಿಸಿಯಾದದ್ದು ಗೊತ್ತಾಗಿ ಆಶ್ಚರ್ಯವೂ ಆಯಿತು. ಗಂಡ ತೀರಿಕೊಂಡು ಎರಡು ವರ್ಷ. ಅಷ್ಟು ದಿನದಲ್ಲಿ ಅವಳಿಗೆ ಸಿಟ್ಟು ಬಂದದ್ದೇ ಇಲ್ಲ. ಅಳುವೂ ಅಷ್ಟಾಗಿ ಬಂದಿರಲಿಲ್ಲ. ಬಹಳ ಹೊತ್ತು ಮಡಿಸಿ ಕೂತ ಕಾಲಿನ ಹಾಗೆ ಒಳಗೆಲ್ಲ ಜೋಮು ಹಿಡಿದಿತ್ತು.

ಕಂಪ್ಯೂಟರಿನಲ್ಲಿ ವಿಮಾನ ಹಾರಿಸುವ ಹುಚ್ಚು ಮೊದಲು ಗಂಡನದು. ಸಿಮ್ಯುಲೇಟರ್ ಎಂಬ ಆ ಆಟಕ್ಕೆಂದು ಯಾರು ಯಾರೋ ಪ್ರೀತಿಗೆ ಬಿದ್ದು ವಿಮಾನ ಮಾಡಿ ಪುಕ್ಕಟೆ ಹಂಚುತ್ತಾರೆ. ಅಂಥವನ್ನು ಹಾರಿಸಿ ನೋಡಿ ಅವನು ವಿಮರ್ಶೆ ಬರೆಯುತ್ತಿದ್ದ. ಅವನು ಹೋದ ಮೇಲೆ ವೆಬ್‌ಸೈಟಿನವರು ಗೊತ್ತಿಲ್ಲದೆ ಇನ್ನೊಂದು ವಿಮಾನ ಕಳಿಸಿದರು. ಬೇಡ ಎನ್ನಲು ಪತ್ರ ಬರೆಯಬೇಕಿತ್ತು. ಅದಕ್ಕಿಂತ ವಿಮರ್ಶೆ ಬರೆಯುವುದೇ ಸುಲಭವೆನಿಸಿ ಅವಳು ಬರೆದುಬಿಟ್ಟಳು. ಹಾಗೇ ಮುಂದುವರಿಯಿತು.

ಅತ್ತೆ ಚಹಾ ಹಿಡಿದು ಬಾಗಿಲಲ್ಲಿ ನಿಂತರು.

"ಏನೇ ಇದು, ಮುಖ ಕೆಂಪಾಗಿದೆ?"

"ಯಾರೋ ಬಡಗಿಯಂತೆ ಅತ್ತೆ. ನಾನು ಹಾರಿಸದೇ ಬರೆದೆ ಅಂತಾನೆ."

"ಅಬ್ಬ, ನಿನಗೆ ಸಿಟ್ಟು ಬರಿಸೋನು ಒಬ್ಬ ಸಿಕ್ಕಿದನಲ್ಲ! ಚೆನ್ನಾಗಿ ನಾಲ್ಕು ಮಾತು ಅಂದುಬಿಡು. ಒಳ್ಳೇದಾಗುತ್ತೆ."

"ಅವನಿಗಾ?"

"ನಿನಗೆ ಕಣೇ."

ಅವಳು ಬರೆದಳು: "ಹತ್ತು ಸಲ ಏರಿಸಿ, ಹತ್ತು ಸಲ ಇಳಿಸದೆ ನಾನು ಒಂದಕ್ಷರ ಬರೆಯುವುದಿಲ್ಲ. ನಂಬಿಕೆ ಇಲ್ಲದಿದ್ದರೆ ಬಂದು ನೋಡಿ."

ಉತ್ತರ ಐದು ನಿಮಿಷದಲ್ಲಿ ಬಂತು. "ಭಾನುವಾರ ಬೆಳಿಗ್ಗೆ ಹತ್ತು ಗಂಟೆ. ಮುಂದಿನ ಸೀಟು ನನಗೆ."

ಆ ಸಿಮ್ಯುಲೇಟರಿನಲ್ಲಿ ಇಬ್ಬರು ತಂತಮ್ಮ ಮನೆಯಲ್ಲಿ ಕೂತೇ ಒಂದು ವಿಮಾನ ಹತ್ತಬಹುದು, ಮಾತಾಡಬಹುದು. ಈ ಹಳೆಯ ಜೋಡಿ ರೆಕ್ಕೆಯ ವಿಮಾನದಲ್ಲಿ ಹಾರಿಸುವವರು ಹಿಂದೆ, ಜೊತೆಗೆ ಬಂದವರು ಮುಂದೆ. ಭಾನುವಾರ ಅವಳು ಹೆಡ್‌ಫೋನ್ ಹಾಕಿಕೊಂಡಾಗ ಕಿವಿಯಲ್ಲೇ ಯಾರೋ ಗಂಟಲು ಸರಿಮಾಡಿಕೊಂಡರು.

"ನಮಸ್ಕಾರ ಮೇಡಂ. ಬೈಯೋದಿದ್ರೆ ಹಾರೋ ಮೊದಲೇ ಬೈದುಬಿಡಿ."

ಧ್ವನಿ ಅವಳು ಅಂದುಕೊಂಡಷ್ಟು ಒರಟಾಗಿರಲಿಲ್ಲ.

"ಬಡಗಿ ಅನ್ನೋದು ಸುಮ್ಮನೆ ಇಟ್ಕೊಂಡ ಹೆಸರಾ?"

"ಇಲ್ಲ, ಹೊಟ್ಟೆಪಾಡೇ ಅದು. ಬಾಗಿಲು, ಕಿಟಕಿ, ಕಪಾಟು. ವಿಮಾನ ರಜಾದಿನಕ್ಕೆ." ಅವನು ತಡೆದ. "ಹಿಂದಿನ ಸೀಟಿನ ಅಂಚಲ್ಲಿ, ಎಡಮೊಣಕೈ ಊರೋ ಕಡೆ ಮಾತ್ರ ಚರ್ಮ ಸವೆದಿದೆ ಅಂತ ಬರೆದಿದ್ರಲ್ಲ. ಅದನ್ನ ನೋಡಿದವರು ನೀವೊಬ್ಬರೇ. ಅದಕ್ಕೇ ನನಗೆ ಸಿಟ್ಟಿಗಿಂತ ಗೊಂದಲ. ಇಷ್ಟು ಕಣ್ಣಿರೋರು ಅಷ್ಟು ತಪ್ಪು ಹೇಗೆ ಬರೀತಾರೆ?"

"ನೋಡ್ತಾ ಇರಿ," ಎಂದು ಅವಳು ಎಂಜಿನ್ ಏರಿಸಿದಳು.

ರೆಕ್ಕೆಗಳ ನಡುವಿನ ತಂತಿಗಳು ಗುನುಗಿದವು. ವಿಮಾನ ಹುಲ್ಲಿನ ಮೇಲೆ ಗೆರೆ ಎಳೆದ ಹಾಗೆ ನೇರ ಓಡಿ ಮೇಲೆದ್ದಿತು.

"ಇನ್ನೊಂದು ಸಲ," ಎಂದ ಬಡಗಿ.

ಇನ್ನೊಂದು ಸಲವೂ ಅಷ್ಟೇ ನೇರ.

"ಮೇಡಂ, ಒಂದು ಕೇಳ್ತೀನಿ, ಬೇರೆ ಥರ ತಿಳ್ಕೋಬೇಡಿ. ನಿಮ್ಮ ಕಾಲು ಎಲ್ಲಿದೆ?"

"ಕಾಲಾ? ಕುರ್ಚಿ ಮೇಲೆ ಮಡಚಿಟ್ಕೊಂಡಿದೀನಿ."

"ಮಡಚಿ!" ಅವನು ನಕ್ಕ, ಆಮೇಲೆ ನಗು ನಿಲ್ಲಿಸಿದ. "ಎಂಜಿನ್ ಜೋರಾದ ಹಾಗೆ ಇದು ಎಡಕ್ಕೆ ಎಳೀಲೇಬೇಕು. ಬಲಗಾಲಲ್ಲಿ ಪೆಡಲ್ ಒತ್ತಿ ಬಾಲದ ಚುಕ್ಕಾಣಿ ಹಿಡೀಲಿಲ್ಲ ಅಂದ್ರೆ ಸೀದಾ ಬೇಲಿಗೆ. ನೀವು ಒತ್ತುತ್ತಾ ಇಲ್ಲ. ನಿಮ್ಮ ಬದಲು ಕಂಪ್ಯೂಟರ್ ಒತ್ತುತ್ತಿದೆ. ಸೆಟ್ಟಿಂಗ್ಸಲ್ಲಿ 'ಚುಕ್ಕಾಣಿಗೆ ಸಹಾಯ' ಅಂತ ಇರುತ್ತೆ, ನೋಡಿ."

ಆ ಪುಟವನ್ನು ಅವಳು ಯಾವತ್ತೂ ತೆರೆದವಳಲ್ಲ. ಅದೆಲ್ಲ ಗಂಡನ ಕೆಲಸವಾಗಿತ್ತು. ತೆರೆದಳು. ಅವಳು ಬಳಸುವ ಸೆಟ್ಟಿಂಗಿಗೆ ಒಂದು ಹೆಸರಿತ್ತು: 'ಗುಬ್ಬಿಗೆ'. ಗುಬ್ಬಿ ಎಂದು ಅವಳನ್ನು ಕರೆಯುತ್ತಿದ್ದವನು ಅವನೊಬ್ಬನೇ. ಕೆಳಗೆ ಆರು ವರ್ಷದ ಹಿಂದಿನ ತಾರೀಖು, 'ಚುಕ್ಕಾಣಿಗೆ ಸಹಾಯ'ದ ಮುಂದೆ ಒಂದು ಪುಟ್ಟ ಚೌಕ, ಚೌಕದಲ್ಲಿ ಟಿಕ್.

"ಸಿಕ್ತಾ?"

"ಸಿಕ್ತು."

"ಅಷ್ಟೇ. ತೆಗೆದುಬಿಡಿ ಅದನ್ನ."

ಅವಳು ಹೆಡ್‌ಫೋನ್ ತೆಗೆದಿಟ್ಟು ಕಂಪ್ಯೂಟರ್ ಆರಿಸಿಬಿಟ್ಟಳು.

ಮದುವೆಯಾದ ಹೊಸತು. ಮಹಡಿಯ ಮೇಲಿನ ಒಂದೇ ಕೋಣೆ, ಒಂದು ಮೇಜಿಗೆ ಎರಡು ಕುರ್ಚಿ. ಮೇಜಿನ ಕೆಳಗಿನ ಪೆಡಲುಗಳ ಮೇಲೆ ಅವಳು ಕಾಲಿಡಲು ಹೋದಾಗ ಅವನು, "ನಿನಗೆ ಅದೆಲ್ಲ ಬೇಡ ಗುಬ್ಬೀ, ಕೈಯೊಂದೇ ಸಾಕು," ಎಂದಿದ್ದ. ಅವಳ ಮೊದಲ ವಿಮಾನ ನೆಟ್ಟಗೆ ಓಡಿ ಮೇಲೆದ್ದಾಗ ಕುರ್ಚಿ ಬೀಳುವ ಹಾಗೆ ಎದ್ದು ನಿಂತಿದ್ದ. "ನೋಡು, ನೋಡು! ನಿನಗೆ ಹುಟ್ಟಿನಿಂದಲೇ ಬಂದಿದೆ ಇದು!" ಆ ವಾರವೆಲ್ಲ ಅವಳು ಲೈಬ್ರರಿಯಲ್ಲಿ ಅದನ್ನೇ ಹೇಳಿಕೊಂಡು ಓಡಾಡಿದ್ದಳು. ತೆರೆದ ಕಿಟಕಿ, ಕೆಳಗಿನ ಬೀದಿಯಲ್ಲಿ ಸೈಕಲ್ಲಿನ ಗಂಟೆ, ಅವಳ ಕುರ್ಚಿಯ ಬೆನ್ನಿನ ಮೇಲೆ ಅವನ ಕೈ. ಅಷ್ಟು ಸಂಜೆಗಳು.

ಆ ಕೈ ಕುರ್ಚಿಯ ಮೇಲಷ್ಟೇ ಇರಲಿಲ್ಲ ಎಂದು ಈಗ ಗೊತ್ತಾಗಿತ್ತು. ಅವಳಿಗೆ ಮೋಸಹೋದ ಹಾಗೂ ಅನಿಸಿತು, ಯಾರೋ ತಬ್ಬಿಕೊಂಡ ಹಾಗೂ ಅನಿಸಿತು. ತೀರಿಕೊಂಡ ಮೇಲೂ ಅವನು ಅವಳಿಗಾಗಿ ಮಾಡುತ್ತಿದ್ದ ಕೆಲಸ ಅದೊಂದೇ ಉಳಿದಿತ್ತು. ಅದನ್ನು ತನ್ನ ಕೈಯಾರೆ ನಿಲ್ಲಿಸುವುದು ಹೇಗೆ? ನಿಲ್ಲಿಸದಿದ್ದರೆ ಇನ್ನೊಬ್ಬನ ಶ್ರಮದ ಮೇಲೆ ಸುಳ್ಳು ಹಾಗೇ ಕೂತಿರುತ್ತದೆ.

ಒಂಬತ್ತು ದಿನ ಅವಳು ಮೇಜಿನ ಹತ್ತಿರ ಹೋಗಲಿಲ್ಲ. ಫೋನಿನಲ್ಲಿ ನೋಡಿದರೆ ವಿಮರ್ಶೆಯ ಕೆಳಗೆ ಇಬ್ಬರು ಮೂವರು, "ಹಾಗಾದರೆ ನಮಗೆ ಬೇಡ," ಎಂದು ಬರೆದು ಹೋದರು. ಬಡಗಿಯಿಂದ ಒಂದೇ ಸಂದೇಶ, ಅವಳಿಗೆ ಮಾತ್ರ ಕಾಣುವಂಥದ್ದು: "ಏನೋ ಆಡಬಾರದ ಮಾತು ಆಡಿದೆ ಅನಿಸುತ್ತೆ. ವಿಮರ್ಶೆ ಹಾಗೇ ಇರಲಿ ಮೇಡಂ. ಮೂರು ಅಂದರೆ ಕಡಿಮೆಯೇನಲ್ಲ."

ಅವನು ಜಗಳವಾಡಿದ್ದರೆ ತಡೆದುಕೊಳ್ಳುತ್ತಿದ್ದಳೇನೋ.

ಬಟ್ಟೆ ಮಡಚುತ್ತ ಅವಳು ಅತ್ತೆಗೆ ಎಲ್ಲ ಹೇಳಿದಳು. ಅತ್ತೆ ಒಂದು ದಿಂಬಿನ ಕವರನ್ನು ಮೂರು ಸಲ ಮಡಚಿದರು.

"ಚಿಕ್ಕವನಿದ್ದಾಗಿಂದ ಹಾಗೇ ಅವನು. ನನ್ನ ಹತ್ತಿರ ಚೆಸ್‌ನಲ್ಲಿ ಬೇಕಂತಲೇ ಸೋಲ್ತಿದ್ದ. ನಾನೂ ದೊಡ್ಡ ಆಟಗಾರ್ತಿ ಅಂದ್ಕೊಂಡು ನಮ್ಮಣ್ಣನ ಜೊತೆ ಪಂದ್ಯ ಕಟ್ಟಿದೆ ನೋಡು. ಆರೇ ನಡೆಗೆ ಮಂಗಳಾರತಿ!"

ಇಬ್ಬರೂ ನಕ್ಕರು. ಅತ್ತೆಯ ಕಣ್ಣು ಮಾತ್ರ ಕವರಿನ ಮೇಲೇ ಇತ್ತು.

"ಹಿಡ್ಕೊಂಡಿದ್ದ ಅಂತ ಬೇಜಾರಾ ನಿನಗೆ, ಈಗ ಬಿಡಬೇಕಲ್ಲ ಅಂತ ಬೇಜಾರಾ?"

"ಎರಡೂ."

"ಮೊದಲನೇದಕ್ಕೆ ನಾನೂ ನಿನ್ನ ಜೊತೆ ಕೂತು ಅವನನ್ನ ಬೈತೀನಿ. ಎರಡನೇದಕ್ಕೆ..." ಅತ್ತೆ ಕವರನ್ನು ಅವಳ ಮಡಿಲಿಗೆ ಹಾಕಿದರು. "ಹೆತ್ತವಳು ನಾನೇ ಹೇಳ್ತಿದೀನಿ. ತೆಗಿ."

ಮುಂದೆ ಬಂದ ಭಾನುವಾರ ಬೆಳಿಗ್ಗೆ ಅವಳು ಮೇಜಿನ ಕೆಳಗೆ ಬಗ್ಗಿ ಪೆಡಲುಗಳ ಧೂಳು ಒರೆಸಿದಳು. ಅವನ ಉದ್ದನೆಯ ಕಾಲಿಗೆ ಹೊಂದಿಸಿಟ್ಟಿದ್ದವು. ಅವಳ ಕಾಲು ತಲುಪಬೇಕಾದರೆ ಕುರ್ಚಿಯ ತುದಿಗೆ ಬರಬೇಕಿತ್ತು. 'ಗುಬ್ಬಿಗೆ' ಎಂಬುದನ್ನು ಅಳಿಸಲಿಲ್ಲ. ಪಕ್ಕದಲ್ಲಿ ಹೊಸದೊಂದು ಮಾಡಿ, ಚೌಕವನ್ನು ಖಾಲಿ ಬಿಟ್ಟಳು. ಆಮೇಲೆ ಬಡಗಿಗೆ ಬರೆದಳು: "ಮುಂದಿನ ಸೀಟು ಖಾಲಿ ಇದೆ. ಹೆಲ್ಮೆಟ್ ಇದ್ದರೆ ಹಾಕಿಕೊಂಡು ಬನ್ನಿ."

ಮೊದಲನೆಯ ಸಲ ವಿಮಾನ ಅರ್ಧ ಸುತ್ತು ತಿರುಗಿ ಬಂದ ದಾರಿಗೇ ಮುಖ ಮಾಡಿ ನಿಂತಿತು. ಎರಡನೆಯ ಸಲ ಬೇಲಿ.

"ಬಲಗಾಲು! ಬಲಗಾಲು ಒತ್ತಿ!"

"ಒತ್ತುತ್ತಿದೀನಲ್ರೀ!"

"ಅದು ಎಡಗಾಲು!"

"ನಿಮ್ಮ ಬಲವೋ ನನ್ನ ಬಲವೋ?"

"ಇಬ್ಬರೂ ಒಂದೇ ಕಡೆ ಮುಖ ಮಾಡ್ಕೊಂಡು ಕೂತಿದೀವಿ ಮೇಡಂ!"

ಮತ್ತೆ ಬೇಲಿ. ಅವಳು ನಕ್ಕಳು. ನಗು ಎಲ್ಲಿಂದ ಬಂತೋ, ನಿಲ್ಲಲೇ ಇಲ್ಲ. ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ನಿಂತು, ಸ್ವಲ್ಪ ಹೊತ್ತಿನ ಮೇಲೆ ಮತ್ತೆ ಶುರುವಾಯಿತು.

ಹದಿನೇಳನೆಯ ಸಲ ವಿಮಾನ ಓಲಾಡುತ್ತ, ಕುಡಿದವನ ಹಾಗೆ ಹುಲ್ಲೆಲ್ಲ ಅಳೆಯುತ್ತ ಓಡಿ, ಕೊನೆಗೆ ನೆಲ ಬಿಟ್ಟಿತು. ಬಲಗಾಲು ಪೆಡಲಿನ ಮೇಲೇ ಇತ್ತು. ಕೆಳಗೆ ಹೊಲ, ಹೊಳೆ, ಆಟಿಕೆಯಂಥ ಮನೆಗಳು. ಅಷ್ಟು ಮೇಲೆ ಹೋದ ಮೇಲೆ ಹೇಳುವುದು ಸುಲಭವಾಯಿತು. ಟಿಕ್ ಹಾಕಿದ್ದು ಯಾರು, ಯಾವಾಗ, ಅವನೀಗ ಇಲ್ಲ ಎಂಬುದು.

"ನಾನು ಬರೀ ಒಂದು ಟಿಕ್ ಅಂದ್ಕೊಂಡಿದ್ದೆ," ಎಂದ ಬಡಗಿ.

ಅವಳಿಗೆ ಅಳು ಬಂತು. ವಿಮಾನ ಎಡಕ್ಕೆ ವಾಲಿತು. ಬಲಗಾಲು ಒತ್ತಿ ಅವಳೇ ಸರಿಮಾಡಿಕೊಂಡಳು.

ಸಂಜೆ ವೆಬ್‌ಸೈಟಿನಲ್ಲಿ ಹಳೆಯ ವಿಮರ್ಶೆಯ ಮೇಲೆ ಹೊಸದು ಬಂತು. "ನನ್ನ ಹಿಂದಿನ ಬರಹ ತಪ್ಪು. ಸಹಾಯ ಪಡೆದು ಹಾರಿಸಿದ್ದೆ, ಪಡೆದದ್ದು ನನಗೇ ಗೊತ್ತಿರಲಿಲ್ಲ. ಈ ವಿಮಾನ ಸಾಧುವಲ್ಲ. ಬ್ರೇಕ್ ಇಲ್ಲ, ಮೂಗು ಎತ್ತಿಕೊಂಡು ಮುಂದಿನದೇನೂ ಕಾಣಗೊಡುವುದಿಲ್ಲ, ಒಂದು ಕ್ಷಣ ಮೈಮರೆತರೆ ಎಡಕ್ಕೆ ಎಳೆಯುತ್ತದೆ. ಗಮನ ಕೊಟ್ಟವರಿಗೆ ಮಾತ್ರ ಗಾಳಿ ಅಂದರೆ ಏನೆಂದು ತೋರಿಸುತ್ತದೆ. ಐದಕ್ಕೆ ಎಷ್ಟು ಎನ್ನುವಷ್ಟು ನಾನಿನ್ನೂ ಕಲಿತಿಲ್ಲ."

ಆಮೇಲಿನ ಭಾನುವಾರಗಳನ್ನು ಯಾರೂ ಗೊತ್ತುಮಾಡಲಿಲ್ಲ. ಹತ್ತು ಗಂಟೆಗೆ ಇಬ್ಬರೂ ಅಲ್ಲಿರುತ್ತಿದ್ದರು, ಅಷ್ಟೆ. 'ಮೇಡಂ' ಯಾವಾಗಲೋ ಬಿದ್ದುಹೋಯಿತು.

"ಮನೇಲಿ ಯಾರಿದ್ದಾರಂತೆ?" ಎಂದು ಅತ್ತೆ ಕಿಟಕಿ ಒರೆಸುತ್ತ ಕೇಳಿದರು.

"ಯಾರ ಮನೇಲಿ?"

"ಅಯ್ಯೋ, ರಾಷ್ಟ್ರಪತಿಗಳ ಮನೇಲಿ!"

"ಒಬ್ಬರು ಅಕ್ಕ ಇದ್ದಾರಂತೆ."

"ಅಕ್ಕ ಇರಲಿ ಬಿಡು," ಎಂದು ಅತ್ತೆ ಗಾಜನ್ನು ಇನ್ನಷ್ಟು ಜೋರಾಗಿ ಉಜ್ಜಿದರು.

ಒಂದು ದಿನ ಅವನು ಕೇಳಿದ. "ಇದನ್ನ ಮಾಡೋಕೆ ನಾನು ಅಳತೆ ತಗೊಂಡ ನಿಜವಾದ ವಿಮಾನ ಒಂದಿದೆ. ನಮ್ಮೂರ ಪಾಲಿಟೆಕ್ನಿಕ್ ಹಿಂದಿನ ಶೆಡ್ಡಲ್ಲಿ. ಕೆಳಗಿನ ರೆಕ್ಕೆಯ ಮರ ಹೋಗಿದೆ, ನಾನೇ ರಿಪೇರಿ ಮಾಡ್ತಿದೀನಿ. ನೋಡ್ತೀರಾ?"

"ವಿಮಾನಾನಾ?"

"ವಿಮಾನಾನೇ... ಮೊದಲು."

ಶೆಡ್ಡಿನಲ್ಲಿ ವಾರ್ನಿಶಿನ ವಾಸನೆ ಇತ್ತು. ತಗಡಿನ ಸಂದಿನಿಂದ ಬಿದ್ದ ಬಿಸಿಲಿನಲ್ಲಿ ಅವನು ನಿಂತಿದ್ದ, ಕಿವಿಯ ಮೇಲೆ ಪೆನ್ಸಿಲ್. ಅವಳು ಬರುತ್ತಾಳೆಂದು ತಲೆಯ ಮರದ ಹೊಟ್ಟನ್ನು ಕೊಡವಿಕೊಂಡಿದ್ದ, ಒಂದು ಹುಬ್ಬಿನ ಮೇಲೆ ಮಾತ್ರ ಉಳಿದುಬಿಟ್ಟಿತ್ತು. ಅವಳು ಅದನ್ನೇ ನೋಡಿದಳು. ಏನೋ ಇದೆ ಎಂದು ತಿಳಿದು ಅವನು ಇನ್ನೊಂದು ಹುಬ್ಬನ್ನು ಒರೆಸಿಕೊಂಡ.

"ಆ ಕಡೆ," ಎಂದಳು.

"ನಿಮ್ಮ ಆ ಕಡೆಯೋ ನನ್ನ ಆ ಕಡೆಯೋ?"

ಇಬ್ಬರೂ ಮೊದಲ ಸಲ ಎದುರುಬದುರು ನಕ್ಕರು. ಆಮೇಲೆ ಎಲ್ಲಿ ನೋಡಬೇಕೆಂದು ಇಬ್ಬರಿಗೂ ತಿಳಿಯದೆ ವಿಮಾನವನ್ನು ನೋಡಿದರು.

ಅವಳು ಹಿಂದಿನ ಸೀಟಿಗೆ ಇಳಿದಳು. ಕಾಲಬುಡದಲ್ಲಿ ಮರದ ಒಂದು ಅಡ್ಡಪಟ್ಟಿ, ಅದರ ತುದಿಗಳಿಂದ ಹೊರಟ ಎರಡು ತಂತಿಗಳು ಬಾಲದ ಚುಕ್ಕಾಣಿಯವರೆಗೆ. ಅವನು ಬಾಲದ ಕಡೆ ನಡೆದ. ಬೆನ್ನ ಹಿಂದೆ ಇದ್ದುದರಿಂದ ಅವಳಿಗೆ ಕಾಣುತ್ತಿರಲಿಲ್ಲ, ಧ್ವನಿಯಷ್ಟೇ.

"ಬಲಗಾಲು ಒತ್ತಿ."

ಒತ್ತಿದಳು. ಎಲ್ಲೋ ದೂರದಲ್ಲಿ ಬಟ್ಟೆ ಹೊದಿಸಿದ ಮರ ನರಳಿ ತಿರುಗಿತು.

"ನೀವು ಹಿಡ್ಕೊಂಡಿದ್ದೀರಾ?"

"ಇಲ್ಲ. ಕೈ ಬಿಟ್ಟು ನಿಂತಿದೀನಿ. ಅಷ್ಟೂ ನೀವೇ."

ಅವಳು ಎಡಕ್ಕೆ ಒತ್ತಿದಳು, ಮತ್ತೆ ಬಲಕ್ಕೆ. ಹೌದು, ತಂತಿ ಹಗುರವಾಗಿತ್ತು. ಅವನು ಸುಳ್ಳು ಹೇಳಿರಲಿಲ್ಲ.

"ನನಗೆ ಇನ್ನೂ ಒಮ್ಮೊಮ್ಮೆ ಅಳು ಬರುತ್ತೆ," ಎಂದಳು ಮುಂದೆ ನೋಡುತ್ತಲೇ. "ಯಾವಾಗ ಅಂತ ಹೇಳಕ್ಕಾಗಲ್ಲ. ಅವನ ನೆನಪಿಗೇ ಬರುತ್ತೆ."

"ಬರಲಿ. ಹಸಿ ಮರ ತಗೊಂಡು ಅವಸರಕ್ಕೆ ಬಾಗಿಲು ಮಾಡಿದ್ರೆ ಆಮೇಲೆ ಅದು ಮುಚ್ಚೋದೂ ಇಲ್ಲ, ತೆಗೆಯೋದೂ ಇಲ್ಲ. ನಾನು ಕಾಯೋ ಕೆಲಸದವನೇ." ಸ್ವಲ್ಪ ತಡೆದು ಅವನು ಮೆಲ್ಲಗೆ ಹೇಳಿದ. "ಭಾನುವಾರ ಮಾತ್ರ ಸಾಲ್ತಿಲ್ಲ ನನಗೆ. ಅದೊಂದು ಹೇಳಬೇಕಿತ್ತು."

ಶೆಡ್ಡಿನ ತಗಡು ಬಿಸಿಲಿಗೆ ಟಕ್ಕೆಂದಿತು. ಅವಳ ಎರಡೂ ಪಾದಗಳು ಅಡ್ಡಪಟ್ಟಿಯ ಮೇಲೆ ಸಮವಾಗಿ ನಿಂತಿದ್ದವು.

"ಹಿಡ್ಕೊಳ್ಳಿ," ಎಂದಳು. "ಆದ್ರೆ ಹೇಳಿ ಹಿಡ್ಕೊಳ್ಳಿ."

ತಂತಿ ಮೆಲ್ಲಗೆ ಬಿಗಿಯಾಯಿತು. ಆ ತುದಿಯ ಕೈಯ ಭಾರ ಅವಳ ಅಂಗಾಲಿಗೆ ಬಂದು ತಲುಪಿತು.

"ಹಿಡ್ಕೊಂಡೆ," ಎಂದ ಅವನು.